ಮನೆಯಲ್ಲಿ ಎಷ್ಟು ಜನ

ನವೆಂಬರ್ 3, ಶನಿವಾರ. ಸಂಜೆ 4

ಗ್ಯಾಸ್ ಮುಗಿದು ಇಪ್ಪತ್ತಾರು ದಿನ. ಇವತ್ತೂ ರಟ್ಟಿನ ಪೆಟ್ಟಿಗೆ ಸುಟ್ಟೇ ಬೇಳೆ ಬೇಯಿಸಿದ್ದು. ಮನೆಯೆಲ್ಲ ಹೊಗೆ, ಅಮ್ಮನಿಗೆ ಕೆಮ್ಮು. ಅಮ್ಮ ಕೆಮ್ಮಿದರೆ ಒಳ್ಳೆಯದೇ — ಮೇಲಿನ ಕೋಣೆಯ ಕೆಮ್ಮು ಅದರಲ್ಲಿ ಮುಚ್ಚಿಹೋಗುತ್ತದೆ. ಹೆತ್ತ ತಾಯಿಯ ಬಗ್ಗೆ ಹೀಗೆ ಬರೆಯುತ್ತೀನಲ್ಲ, ಥೂ. ಇರಲಿ, ಓದುವವರು ಯಾರು.

ಮೂರು ಗಂಟೆಗೆ ಓಣಿಯ ಯಜಮಾನ ಮುಸ್ಲಿಹ್ ಬಂದ. ಕಂಕುಳಲ್ಲಿ ರಿಜಿಸ್ಟರು, ದವಡೆಯಲ್ಲಿ ಖಾತ್ ಸೊಪ್ಪು. ಮೊದಲು ಇವನ ಕೆಲಸ ಮದುವೆ ಕಾಗದಕ್ಕೆ ಮೊಹರು ಹಾಕುವುದು, ನೀರಿನ ಜಗಳ ಬಿಡಿಸುವುದು. ನಮ್ಮ ಈ ಊರು ಸನಾ 'ಅವರ' ಕೈಗೆ, ಬಂದೂಕಿನವರ ಕೈಗೆ, ಹೋದ ಮೇಲೆ ಗ್ಯಾಸಿನ ಲಿಸ್ಟೂ ಇವನದೇ, ಯಾವ ಮನೆಯ ಗಂಡಸು ಎಲ್ಲಿದ್ದಾನೆ ಅನ್ನುವ ಲಿಸ್ಟೂ ಇವನದೇ. ಎರಡೂ ಒಂದೇ ರಿಜಿಸ್ಟರಿನಲ್ಲಿ.

"ಮನೇಲಿ ಎಷ್ಟು ಜನ, ಟೀಚರ್?" ಅಂದ.

ಗೊತ್ತಿದ್ದೂ ಕೇಳುವ ದನಿ. ಇಬ್ಬರು, ನಾನು ಮತ್ತು ಅಮ್ಮ ಅಂದೆ. ಬರೆದುಕೊಂಡ. ಹೊಸ ನಿಯಮ ಹೇಳಿದ: ಸಿಲಿಂಡರಿನ ಮೇಲೆ ಸತ್ತವರ ಹೆಸರು ನಡೆಯುವುದಿಲ್ಲ. ಅಪ್ಪನ ಹೆಸರು ಅಳಿಸಬೇಕು. ಬದುಕಿರುವವರು, ಇದೇ ಮನೆಯಲ್ಲಿ ಉಣ್ಣುವವರು — ಅಂಥವರ ಹೆಸರು ಬಣ್ಣದಲ್ಲಿ ಬರೆಯಬೇಕು. ಸತ್ತವರ ಹೆಸರಿನಲ್ಲಿ ಅರ್ಧ ಓಣಿ ಗ್ಯಾಸ್ ಎತ್ತುತ್ತಿದೆಯಂತೆ. ಹೋಗುವಾಗ ಚಪ್ಪಲಿ ಗೂಡಿನ ಕಡೆ ನೋಡಿದ. ನೋಡಿದನೋ ಇಲ್ಲವೋ... ನೋಡಿದ.

ಅಲ್ಲಿ ಗಂಡಸಿನ ಚಪ್ಪಲಿ ಇಲ್ಲ. ಹದಿನಾಲ್ಕು ತಿಂಗಳಿಂದ ಇಲ್ಲ. ತಮ್ಮನ ಚಪ್ಪಲಿ ತಮ್ಮನ ಜೊತೆಗೇ ಮೇಲಿದೆ.

ನವೆಂಬರ್ 6, ಮಂಗಳವಾರ

ಪಕ್ಕದ ಮನೆಯ ತಖಿಯ್ಯಾ ಖಾಲಾ ಬಂದಿದ್ದರು. ಮಗಳ ಮೆಸೇಜ್ ಓದಿಸಿಕೊಳ್ಳಲು. ಅವರಿಗೆ ಓದಲು ಬರೆಯಲು ಬರುವುದಿಲ್ಲ. ಈ ಓಣಿಯ ಅರ್ಧ ಹೆಂಗಸರ ಅರ್ಜಿ, ಪತ್ರ, ಫೋನು — ಎಲ್ಲಾ ನಾನೇ. ಸಂಬಳ ಬರದೆ ಎರಡು ವರ್ಷವಾದ ಗಣಿತದ ಟೀಚರಿಗೆ ಇದೊಂದು ಉದ್ಯೋಗ.

ಮಗಳು ಗಂಡನ ಜೊತೆ ಮಾರಿಬ್‌ನಲ್ಲಿದ್ದಾಳೆ. ಅಂದರೆ ಆ ಕಡೆ, 'ಅವರ' ವೈರಿಗಳ ಊರು. ಮಾರಿಬ್‌ನಿಂದ ಫೋನು ಬಂತು ಅಂತ ಗೊತ್ತಾದರೆ ಇಲ್ಲಿ ಮನುಷ್ಯ ಮಾಯ. ಅದಕ್ಕೇ ಖಾಲಾ ಬಾಗಿಲು ಹಾಕಿಕೊಂಡೇ ಫೋನು ಹೊರತೆಗೆಯುವುದು. ಮೊಮ್ಮಗನಿಗೆ ಹಲ್ಲು ಬಂತಂತೆ. ಓದಿ ಹೇಳಿದೆ. ಅತ್ತರು, ನಕ್ಕರು, ಅಳಿಸು ಅಂದರು. ಅಳಿಸಿದೆ.

ಎದ್ದು ಹೋಗುವಾಗ ಟ್ರೇ ಕಡೆ ನೋಡಿದರು. ಮೂರು ಲೋಟ. ತಮ್ಮ ವಜ್ದಿಯದು ಮೇಲಿಂದ ಆಗಷ್ಟೇ ಇಳಿದಿತ್ತು.

"ನಿಮ್ಮಮ್ಮ ದಿನಕ್ಕೆ ಎಷ್ಟು ರೊಟ್ಟಿ ತಿಂತಾಳೇ? ನೀನು ತರೋದು ನೋಡಿದ್ರೆ ಮನೇಲಿ ಆನೆ ಸಾಕಿದ ಹಾಗಿದೆ" ಅಂತ ನಕ್ಕರು.

ನಾನೂ ನಕ್ಕೆ. ಬಾಗಿಲು ಹಾಕಿ ಮೂರನೇ ಲೋಟ ತೊಳೆದು ಬಚ್ಚಿಟ್ಟೆ. ನಾನು ತರುವ ರೊಟ್ಟಿ ಇವರೇಕೆ ಎಣಿಸುತ್ತಾರೆ? ಇಪ್ಪತ್ತು ವರ್ಷದಿಂದ ಅಕ್ಕಪಕ್ಕ, ಒಂದೇ ಗೋಡೆ. ನಿಜ. ಆದರೆ ಅವರ ತಂಗಿಯ ಮಗ ಯಹ್ಯಾ 'ಅವರ' ಮೇಲ್ವಿಚಾರಕನ ಗಾಡಿ ಓಡಿಸುತ್ತಾನೆ. ಅವರದು ಹಳೇ ಸನಾದ ದೊಡ್ಡ ಮನೆತನ. ನಾವು ಮೂವತ್ತು ವರ್ಷ ಇಲ್ಲೇ ಬದುಕಿದೆವು, ಯುದ್ಧ ಬಂದದ್ದೇ ಅಪ್ಪ ಬಿಟ್ಟುಬಂದ ತಇಝ್‌ನವರಾಗಿಬಿಟ್ಟೆವು. ಅಂಗಡಿಯವನು ಕೂಡ ಈಗ 'ನಿಮ್ಮ ಕಡೆಯವರು' ಅನ್ನುತ್ತಾನೆ.

ನವೆಂಬರ್ 10, ಶನಿವಾರ

ಖಾಲಿ ಸಿಲಿಂಡರ್ ತುಂಬಿಸಲು ಹೋಯಿತು. ಬೆಳಿಗ್ಗೆ ವಜ್ದಿ ಅದನ್ನು ಮೆಟ್ಟಿಲ ಕೆಳಗಿನವರೆಗೆ ಇಳಿಸಿಕೊಟ್ಟು ಮೇಲೆ ಓಡಿದ. ಶಾಲೆಯಿಂದ ಬರುತ್ತಾ ಬಣ್ಣ ತರೋಣ ಅಂದುಕೊಂಡಿದ್ದೆ. ಬಂದರೆ ಆಗಲೇ ಲಾರಿ ಬಂದು ಹೋಗಿದೆ. ಅಮ್ಮನೇ ಏನೋ ಬರೆದು, ಬೀದಿ ತನಕ ಉರುಳಿಸಿಕೊಂಡು ಹೋಗಿದ್ದಾಳೆ. ಈ ಸೊಂಟನೋವಿನಲ್ಲಿ! ಬೈದೆ. ಅವಳ ಅಕ್ಷರ ದೇವರೇ ಓದಬೇಕು, ಆದರೂ ಒಂದು ಕೆಲಸ ಕಳೆಯಿತು.

ವಜ್ದಿ ದಿನೇ ದಿನೇ ಬಿಳಿಚಿಕೊಳ್ಳುತ್ತಿದ್ದಾನೆ. ಇಪ್ಪತ್ತಾರು ವರ್ಷದವನು. ಹಳೇ ಸೇನೆಯ ಗಾಡಿ ರಿಪೇರಿ ಶೆಡ್ಡಿನಲ್ಲಿದ್ದ. ಕಳೆದ ವರ್ಷ ಹಳೇ ಸಿಪಾಯಿಗಳೆಲ್ಲ ಗಡಿಗೆ ಬರಬೇಕು ಅಂತ ಆಜ್ಞೆ ಬಂತು. ಶೆಡ್ಡಿನ ಗೆಳೆಯರು ಇಬ್ಬರು ಹೋದರು. ಈಗ ಇಬ್ಬರ ಫೋಟೋವೂ ಹುತಾತ್ಮರ ಹಸಿರು ಚೌಕಟ್ಟಿನಲ್ಲಿ ಮಸೀದಿ ಗೋಡೆಯ ಮೇಲಿದೆ. ಇವನು ದೋಣಿ ಹತ್ತಿ ಜಿಬೂತಿಗೆ ಹೋದ ಅಂತ ಊರಿಗೆಲ್ಲ ಹೇಳಿದೆವು. ಅಮ್ಮ ಎಲ್ಲರೆದುರು ಅತ್ತಳು. ಅದು ನಾಟಕವಾಗಿರಲಿಲ್ಲ, ಹೆದರಿಕೆಗೆ ಬಂದ ಅಳು. ಎಲ್ಲರೂ ನಂಬಿದರು.

ನವೆಂಬರ್ 14, ಬುಧವಾರ. ಶಾಲೆಯಿಂದ ಬಂದ ಕೂಡಲೇ

ಓಣಿಯ ತಿರುವಿನಲ್ಲಿ ಮುಸ್ಲಿಹ್ ಸಿಕ್ಕಿದ. ಸಲಾಂ ಹೇಳಿ ಮುಂದೆ ಹೋಗುವವಳನ್ನು ನಿಲ್ಲಿಸಿದ.

"ವಜ್ದಿ ಹೇಗಿದಾನೆ, ಟೀಚರ್? ಜಿಬೂತೀಲಿ ಬಿಸಿಲು ಜಾಸ್ತಿ ಅಂತೆ. ಅಲ್ಲೂ ಗ್ಯಾಸಿಗೆ ಹೀಗೇ ತೊಂದ್ರೆನಾ?"

ಚೆನ್ನಾಗಿದ್ದಾನೆ, ಫೋನು ಅಪರೂಪ ಅಂದೆ. ನಗುತ್ತಾ ಹೋದ.

ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಕೇಳದವನು ಇವತ್ತು ಯಾಕೆ ಕೇಳಿದ? ಯಾರೋ ಹೇಳಿದ್ದಾರೆ. ಯಾರು? ನಾನು ಹೇಳಿಲ್ಲ. ಅಮ್ಮ ಪ್ರಾಣ ಹೋದರೂ ಹೇಳುವುದಿಲ್ಲ. ಮನೆಯೊಳಗೆ ಬರುವವರು ಎಷ್ಟು ಜನ? ಒಬ್ಬರು. ಮೂರು ಲೋಟ ನೋಡಿದವರು ಒಬ್ಬರು. ರೊಟ್ಟಿ ಎಣಿಸುವವರು ಒಬ್ಬರು. ಏಳನೇ ತರಗತಿಯ ಮಕ್ಕಳೂ ಬಿಡಿಸುವ ಲೆಕ್ಕ ಇದು.

ನವೆಂಬರ್ 18, ಭಾನುವಾರ

ಟೆಸ್ಟ್ ಇಟ್ಟಿದ್ದೇನೆ. ಮೊನ್ನೆಯಿಂದ ಯೋಚಿಸಿ, ಇವತ್ತು ತಖಿಯ್ಯಾ ಬಂದಾಗ ಬೇಕಂತಲೇ ಒಂದು ಸುಳ್ಳು ಹೇಳಿದೆ. ಗುರುವಾರ ನಾವು ಮಾವನ ಊರು ಇಬ್ಬ್‌ಗೆ ಹೊರಟಿದ್ದೇವೆ, ಮಾವನ ಮಗಳ ನಿಶ್ಚಿತಾರ್ಥ, ಎರಡು ದಿನ ಮನೆ ಖಾಲಿ ಅಂತ. ಬೇರೆ ಯಾರಿಗೂ ಹೇಳಿಲ್ಲ. ಈ ಮಾತು ಮುಸ್ಲಿಹ್ ಕಿವಿಗೆ ಬಿದ್ದರೆ ಅದು ಹೋದದ್ದು ಒಂದೇ ಬಾಗಿಲಿನಿಂದ.

ತಖಿಯ್ಯಾ "ಹೋಗ್ಬನ್ನಿ, ಅಮ್ಮನಿಗೂ ಸ್ವಲ್ಪ ಗಾಳಿ ಬದಲಾಗುತ್ತೆ" ಅಂದರು. ಮೇಲುಗಡೆ ನೋಡಿದರಾ? ನೋಡಿದ ಹಾಗಾಯಿತು.

ನವೆಂಬರ್ 22, ಗುರುವಾರ. ಸಂಜೆ 5

ಮುಸ್ಲಿಹ್ ಬಾಗಿಲು ಬಡಿದ. ಯಾವುದೋ ಹಿಟ್ಟಿನ ಕೂಪನ್ ನೆಪ. ನನ್ನನ್ನು ಕಂಡು ಹುಬ್ಬೇರಿಸಿದ.

"ಅರೆ, ಇಬ್ಬ್‌ಗೆ ಹೋಗ್ಲಿಲ್ವಾ?"

ಆಯಿತು. ಮುಗಿಯಿತು. ಇನ್ನು ಅನುಮಾನಕ್ಕೆ ಜಾಗವಿಲ್ಲ. ಇಪ್ಪತ್ತು ವರ್ಷ ಖಾಲಾ ಖಾಲಾ ಅಂದೆ. ಅಪ್ಪ ಸತ್ತಾಗ ಮೂರು ದಿನ ಇವಳ ಮನೆಯ ಊಟ ತಿಂದೆವು. ಇನ್ನು ಮೇಲೆ ತಖಿಯ್ಯಾ ನನಗೆ ಅವರು ಅಲ್ಲ, ಅವಳು.

ನವೆಂಬರ್ 23, ಶುಕ್ರವಾರ

ವಜ್ದಿಗೆ ಹೇಳಿದೆ. ನಂಬುವುದಿಲ್ಲ.

"ಅಕ್ಕಾ, ನಿಂಗೆ ತಲೆ ಕೆಟ್ಟಿದೆ. ಆಕೆ ಹೇಳೋದಾಗಿದ್ರೆ ಇಷ್ಟು ಹೊತ್ತಿಗೆ ನಾನು ಇಲ್ಲಿರ್ತಿದ್ನಾ?"

ಪಿಸುಮಾತಿನಲ್ಲೇ ಜಗಳ. ಈ ಮನೆಯಲ್ಲಿ ಕೂಗಾಡಿ ಜಗಳವಾಡಿ ಎಷ್ಟು ದಿನವಾಯಿತೋ! ಅಮ್ಮ ಮಧ್ಯೆ ಕೂತು ಇಬ್ಬರ ಬಾಯಿಗೂ ಕೈ ಅಡ್ಡ ಹಿಡಿಯುತ್ತಿದ್ದಳು. ಅವನಿಗೆ ಜನರ ಮುಖ ನೋಡಿ ವರ್ಷದ ಮೇಲಾಯಿತು, ಅದಕ್ಕೇ ಎಲ್ಲರೂ ಒಳ್ಳೆಯವರು. ಓಣಿಯಲ್ಲಿ ನಡೆದು ಬರುವವಳು ನಾನು. ಅವನನ್ನು ಕಳಿಸೋಣ ಅಂದರೆ ಎಲ್ಲಿಗೆ? ಊರಿಂದ ಹೊರಗೆ ಹೋಗುವ ಪ್ರತಿ ರಸ್ತೆಗೂ ಚೆಕ್‌ಪಾಯಿಂಟು, ಅವನ ಕಾರ್ಡಿನಲ್ಲಿ ಮೂಲದ ಊರು ತಇಝ್.

ನವೆಂಬರ್ 26, ಸೋಮವಾರ. ಸಂಜೆ

ಹೇಳಿಬಿಟ್ಟೆ.

ಮಧ್ಯಾಹ್ನದ ಹೆಂಗಸರ ಕೂಟ ಈ ಸಲ ಮುಸ್ಲಿಹ್ ಹೆಂಡತಿ ಹೂರಿಯ್ಯಾಳ ಮನೆಯಲ್ಲಿ. ತಖಿಯ್ಯಾ ಬಂದಿರಲಿಲ್ಲ, ಮಂಡಿನೋವಂತೆ. ಧೂಪ, ಕಾಫಿ ಸಿಪ್ಪೆಯ ಕಷಾಯ, ಯಾರ ಮಗಳಿಗೆ ಗಂಡು ಬಂತು ಅನ್ನುವ ಮಾತು. ಹೂರಿಯ್ಯಾ ನನ್ನ ಪಕ್ಕಕ್ಕೇ ಬಂದು ಕೂತಳು. ತಖಿಯ್ಯಾಳ ಮಗಳ ಸುದ್ದಿಯೇ ಇಲ್ಲವಲ್ಲ ಅಂದಳು. ಸುದ್ದಿ ಯಾಕಿಲ್ಲ, ವಾರಕ್ಕೊಮ್ಮೆ ಮಾರಿಬ್‌ನಿಂದ ಫೋನು ಬರುತ್ತದಲ್ಲ ಅಂದೆ. ಅಷ್ಟೇ. ಲೋಟ ಕೆಳಗಿಡುವಷ್ಟು ಹೊತ್ತು.

ಸುಳ್ಳಲ್ಲ. ಇದ್ದದ್ದೇ ಹೇಳಿದ್ದು. ಮುಸ್ಲಿಹ್‌ಗೆ ಇರುವುದು ಎರಡು ಕಣ್ಣು. ಪಕ್ಕದ ಬಾಗಿಲಿನ ಕಡೆ ತಿರುಗಿದರೆ ನಮ್ಮ ಬಾಗಿಲು ಸ್ವಲ್ಪ ದಿನವಾದರೂ ತಪ್ಪುತ್ತದೆ. ಅವಳು ನನ್ನ ತಮ್ಮನನ್ನು ತೋರಿಸಿಕೊಟ್ಟಳು, ನಾನು ಅವಳ ಫೋನು ತೋರಿಸಿದೆ. ಒಂದಕ್ಕೊಂದು ಸರಿಹೋಯಿತು. ವಜ್ದಿಗೆ ಹೇಳಿಲ್ಲ.

ನನ್ನ ಪಾಲಿನ ರೊಟ್ಟಿಯನ್ನೂ ಅವನಿಗೇ ಮೇಲೆ ಕಳಿಸಿದೆ.

ಡಿಸೆಂಬರ್ 1, ಶನಿವಾರ

ನಿನ್ನೆ ಜುಮಾ ನಮಾಜು ಮುಗಿಸಿ ಬರುತ್ತಿದ್ದ ಮುತಹ್ಹರ್ ಅವರನ್ನು ಎತ್ತಿಕೊಂಡು ಹೋದರು. ತಖಿಯ್ಯಾಳ ಗಂಡ. ಎರಡು ಪ್ರಶ್ನೆ ಕೇಳಿ ಕಳಿಸುತ್ತೇವೆ ಅಂದರಂತೆ. ಆಮೇಲೆ ಮನೆಗೆ ನುಗ್ಗಿ ಹಾಸಿಗೆ, ಹಿಟ್ಟಿನ ಡಬ್ಬ, ಎಲ್ಲಾ ಜಾಲಾಡಿ ಫೋನು ಒಯ್ದರು. ಮಾರಿಬ್ ಜೊತೆ ಸಂಪರ್ಕ ಅನ್ನುವ ಆರೋಪ.

ನಾನು ಅಂದುಕೊಂಡದ್ದು ಒಂದಷ್ಟು ಪ್ರಶ್ನೆ, ಒಂದಷ್ಟು ಹೆದರಿಕೆ. ಆ ಮುದುಕರನ್ನು ಒಯ್ಯುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ನಾನು ಕೂತು ಬರೆಯುವ ಈ ಕೋಣೆಯ ಕಿಟಕಿಯ ಬಣ್ಣದ ಗಾಜು, ಗಾರೆ ಕೆತ್ತನೆ ಅವರ ಕೈಯದೇ. ಅಪ್ಪ ಕೊಡಲು ಹೋದರೆ ಕೂಲಿ ಮುಟ್ಟಿರಲಿಲ್ಲ.

ತಖಿಯ್ಯಾ ನಮ್ಮ ಹೊಸ್ತಿಲಲ್ಲಿ ಕುಸಿದು ಕೂತಿದ್ದಳು. ಅಮ್ಮ ತಬ್ಬಿಕೊಂಡು ಅತ್ತಳು. ನಾನು ಚಹಾ ಮಾಡಿಕೊಟ್ಟೆ. ಕೈಗೆ ಲೋಟ ಕೊಡುವಾಗ ಮುಖ ನೋಡಲಿಲ್ಲ. ಆದರೂ ಒಳಗೊಳಗೇ ಒಂದು ಹುಳ — ಇದೂ ಒಂದು ಆಟವಾಗಿದ್ದರೆ? ಯಹ್ಯಾನ ದೊಡ್ಡಪ್ಪನನ್ನು ಹೇಗೆ ಒಯ್ದರು? ನಾಳೆ ಬಿಟ್ಟು ಕಳಿಸಿದರೆ ಆಟವೇ.

ಡಿಸೆಂಬರ್ 4, ಮಂಗಳವಾರ

ಬಿಟ್ಟಿಲ್ಲ.

ಡಿಸೆಂಬರ್ 7, ಶುಕ್ರವಾರ. ಬೆಳಿಗ್ಗೆ 11

ಯಾ ಅಲ್ಲಾಹ್. ಹೇಗೆ ಬರೆಯಲಿ.

ಗ್ಯಾಸಿನ ಲಾರಿ ಬಂತು. ಓಣಿಯ ಬಾಯಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಸಿಲಿಂಡರ್ ಇಳಿಸುತ್ತಾ ಹೆಸರು ಕೂಗುತ್ತಿದ್ದರು. ನಾನು ಪರದೆ ಹಿಂದೆ ನಿಂತು ನನ್ನ ಹೆಸರಿಗೆ ಕಾಯುತ್ತಿದ್ದೆ. ನಬೀಹಾ ಅಬ್ದುಲ್ ಬಾರಿ. ಅದು ಬರಲೇ ಇಲ್ಲ.

"ವಜ್ದಿ ಅಬ್ದುಲ್ ಬಾರಿ!"

ಇಡೀ ಓಣಿಗೆ ಕೇಳುವ ಹಾಗೆ. ಮತ್ತೊಮ್ಮೆ ಕೂಗಿದರು. ಮೇಲೆ ವಜ್ದಿ ಎದ್ದು ನಿಂತ ಸದ್ದಾಯಿತು — ಹೆಸರು ಕರೆದರೆ ಎದ್ದೇಳುವುದು ಮನುಷ್ಯನ ಅಭ್ಯಾಸ.

ಬುರ್ಖಾ ಎಳೆದುಕೊಂಡು ಓಡಿದೆ. ಸಿಲಿಂಡರಿನ ಹೊಟ್ಟೆಯ ಮೇಲೆ ಕೆಂಪು ನೈಲ್ ಪಾಲಿಶ್‌ನಲ್ಲಿ ತಮ್ಮನ ಹೆಸರು. ಅಮ್ಮನ ಅಕ್ಷರ. ಸೊಟ್ಟ, ದೊಡ್ಡ, ಎಲ್ಲರಿಗೂ ಓದಲು ಬರುವಂಥದ್ದು. ಅವಳಿಗೆ ಬರೆಯಲು ಕಲಿಸಿದವಳೂ ನಾನೇ. ಮುಸ್ಲಿಹ್ ರಿಜಿಸ್ಟರ್ ಚಾಚಿದ. ಜಿಬೂತಿಯಿಂದ ಸಹಿ ಹಾಕೋಕೆ ಯಾರು ಬರ್ತಾರೆ ಅಂತ ಕೇಳಿದ. ಅಮ್ಮನಿಗೆ ಮಗನ ನೆನಪು, ಅದಕ್ಕೆ ಬರೆದಿದ್ದಾಳೆ ಅಂದೆ. ನೆನಪು ಉಣ್ಣೋದಿಲ್ಲ ಟೀಚರ್, ಅಂದ. ಸಿಲಿಂಡರ್ ಕೊಟ್ಟ. ಕೊಟ್ಟದ್ದೇ ಇನ್ನೂ ಹೆಚ್ಚು ಭಯ.

ಅಮ್ಮನನ್ನು ಕೇಳಿದೆ. ಯಾಕಮ್ಮಾ? ಯಾಕೆ?

"ಮತ್ತೆ ನಿನ್ನ ಹೆಸರು ಬರೀಬೇಕಿತ್ತಾ? ಲಾರಿ ಗಂಡಸರು ಬೀದೀಲಿ ನಿಂತು ನನ್ನ ಮಗಳ ಹೆಸರು ಕೂಗ್ಬೇಕಿತ್ತಾ? ನಿಮ್ಮಪ್ಪ ಇದ್ದಾಗ ನನ್ನ ಹೆಸರು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಸತ್ತವರ ಹೆಸರು ಬೇಡ ಅಂದ್ರು. ಉಳಿದ ಗಂಡಸು ಯಾರಿದಾನೆ ಮನೇಲಿ?"

ಮರ್ಯಾದೆಗೆ ಬರೆದದ್ದು. ಈ ಊರಿನ ಯಾವ ತಾಯಿಯಾದರೂ ಅದನ್ನೇ ಬರೆಯುತ್ತಿದ್ದಳು.

ಆಮೇಲೆ ಇನ್ನೊಂದು ಕೇಳಿದೆ. ಕೇಳಬಾರದಿತ್ತು. ಇಬ್ಬ್‌ಗೆ ಹೋಗುವ ವಿಷಯ ಯಾರಿಗಾದರೂ ಹೇಳಿದ್ದೆಯಾ? ಹೂರಿಯ್ಯಾಗೆ ಹೇಳಿದ್ದಳಂತೆ. ನಾನು ತಖಿಯ್ಯಾ ಖಾಲಾಗೆ ಹೇಳುವಾಗ ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, ನಿಜವೆಂದು ನಂಬಿ, ನಾಲ್ಕು ವರ್ಷದ ಮೇಲೆ ಇಬ್ಬ್‌ನಲ್ಲಿರುವ ತನ್ನ ತಮ್ಮನ ಮುಖ ನೋಡಬಹುದು ಅಂತ ಸಂಭ್ರಮಪಟ್ಟುಕೊಂಡಿದ್ದಳು. ಆಮೇಲೆ ನಾನು ಹೋಗೋಣ ಅನ್ನಲಿಲ್ಲ, ಅವಳು ಕೇಳಲಿಲ್ಲ.

ಮುಸ್ಲಿಹ್ ವಜ್ದಿಯನ್ನು ಕೇಳಿದ್ದು ಸಿಲಿಂಡರಿನ ಮೇಲಿನ ಹೆಸರು ನೋಡಿ, ಇಬ್ಬ್ ವಿಷಯ ಕೇಳಿದ್ದು ಹೆಂಡತಿಯ ಬಾಯಿಂದ. ತಖಿಯ್ಯಾ ಖಾಲಾ ಹೇಳಿಲ್ಲ, ಯಾರೂ ಹೇಳಿಲ್ಲ. ಇಡೀ ಓಣಿಯಲ್ಲಿ ಚಾಡಿ ಹೇಳಿದವಳು ಒಬ್ಬಳೇ, ನಾನು.

ಡಿಸೆಂಬರ್ 8, ಶನಿವಾರ

ಬೆಳಕು ಹರಿಯುವಾಗಲೇ ತಾರಸಿ ಬಾಗಿಲು ತಟ್ಟಿದರು ತಖಿಯ್ಯಾ ಖಾಲಾ.

"ಹುಡುಗನ್ನ ಈ ಕಡೆ ಕಳ್ಸು, ಬೇಗ. ನಿನ್ನೆ ಹೆಸರು ಕೂಗಿದಾರೆ, ಇವತ್ತು ಬಂದೇ ಬರ್ತಾರೆ."

ಯಾವ ಹುಡುಗ ಅಂತ ಕೇಳಿದೆ — ಆಗಲೂ! ಬಾಯಿಗೆ ಅಭ್ಯಾಸ.

"ನಂಗೇನು ಕಿವಿ ಇಲ್ವೇನೇ? ಗೋಡೆ ಒಂದೇ. ಹೋದ ವರ್ಷದಿಂದ ಅವನ ಕೆಮ್ಮು ಕೇಳ್ತಿದೀನಿ. ಮುಸ್ಲಿಹ್ ಬಂದು ಕೇಳಿದಾಗ ಕುರಾನ್ ಮೇಲೆ ಕೈ ಇಟ್ಟು ಹೇಳಿದೀನಿ, ಹುಡುಗ ದೋಣಿ ಹತ್ತಿದ್ದು ನಿಜ ಅಂತ. ಆ ಪಾಪ ನಂದು, ನೀನು ಹುಡುಗನ್ನ ಕಳ್ಸು. ನಮ್ಮನೆ ಒಂದ್ಸಲ ಜಾಲಾಡಿ ಹೋಗಿದಾರೆ, ಇನ್ನು ಬರಲ್ಲ."

ವಜ್ದಿ ಬಗ್ಗಿಕೊಂಡು ತಾರಸಿ ದಾಟಿದ. ಹೋಗುವಾಗ ನನ್ನ ಕಡೆ ಒಂದು ನೋಟ. ನಾನು ಹೇಳಲಿಲ್ಲವಾ ಅನ್ನುವ ನೋಟ. ಅವನಿಗೆ ಉಳಿದದ್ದು ಗೊತ್ತಿಲ್ಲ.

ಹತ್ತು ಗಂಟೆಗೆ ಬಂದರು. ನಾಲ್ಕು ಗಂಡಸರು, ಇಬ್ಬರು ಹೆಂಗಸರು, ಮುಸ್ಲಿಹ್. ಮೇಲಿನ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟಿದ್ದೆ, ಮೇಲೆ ಹಳೇ ಪರೀಕ್ಷೆ ಪೇಪರಿನ ಕಟ್ಟು. ಒಬ್ಬಳು ದಿಂಬು ಮೂಸಿ ನೋಡಿದಳು. ಅಮ್ಮ, "ನಾನು ಇಲ್ಲೇ ಮಲಗೋದು, ಕೆಳಗೆ ಚಳಿ" ಅಂದಳು. ಎಷ್ಟು ಸಲೀಸಾಗಿ ಸುಳ್ಳು ಹೇಳಿದಳು ನನ್ನ ಅಮ್ಮ! ಏನೂ ಸಿಗಲಿಲ್ಲ. ಮತ್ತೆ ಬರುತ್ತೇವೆ ಅಂದು ಹೋದರು.

ರೊಟ್ಟಿ ಎಣಿಸಿದ್ದು, ಆನೆ ಸಾಕಿದ್ದೀಯಾ ಅಂದದ್ದು... ಎಚ್ಚರಿಕೆ ಹೇಳಿದ್ದರು ಮಹಾತಾಯಿ. ಒಂದೇ ಕಡೆ ಅಷ್ಟು ರೊಟ್ಟಿ ಕೊಳ್ಳಬೇಡ ಅಂತ. ನನಗೆ ಅರ್ಥವಾಗಿದ್ದು ಇನ್ನೊಂದು.

ಡಿಸೆಂಬರ್ 12, ಬುಧವಾರ

ವಜ್ದಿ ಮುತಹ್ಹರ್ ಅವರ ಹಾಸಿಗೆಯಲ್ಲಿ ಮಲಗುತ್ತಾನೆ. ಅವರ ಕಂಬಳಿ, ಅವರ ಶಾಲು. ಖಾಲಾ ಅವನಿಗೆ ಮೆಂತ್ಯದ ಸಾರು ಮಾಡಿ ಹಾಕುತ್ತಾರೆ. ಗಂಡ ಎಲ್ಲಿದ್ದಾರೋ, ಔಷಧ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲದವರು ನನ್ನ ತಮ್ಮನಿಗೆ ಬಿಸಿ ಸಾರು ಬಡಿಸುತ್ತಾರೆ.

ಯಹ್ಯಾನ ಹತ್ತಿರ ಹೋಗಿ ಖಾಲಾ, ಅವನು ಮೇಲ್ವಿಚಾರಕನಿಗೆ ಒಂದು ಮಾತು ಹೇಳಿದರೆ ಬಿಡುತ್ತಾರೆ ಅಂದೆ. ಇಷ್ಟು ದಿನ ಯಾಕೆ ಹೋಗಲಿಲ್ಲ ಅಂತ ಅರ್ಥವಾಗಿರಲಿಲ್ಲ. ಅವರ ಮುಖ ಕಲ್ಲಾಯಿತು.

"ಅವನ ಹೊಸ್ತಿಲು ತುಳಿಯಲ್ಲ. ಮಗಳ ಫೋನಿನ ವಿಷಯ ಗೊತ್ತಿದ್ದಿದ್ದು ಇಬ್ಬರಿಗೇ. ನಿಂಗೆ, ನನ್ನ ತಂಗಿಗೆ. ನೀನಂತೂ ಹೇಳಲ್ಲ. ತಂಗಿ ಮಗನಿಗೆ ಹೇಳಿದಾಳೆ, ಮಗ ಹೋಗಿ ಊದಿದಾನೆ. ನನ್ನ ಪಾಲಿಗೆ ಅವರಿಬ್ಬರೂ ಸತ್ರು."

ನೀನಂತೂ ಹೇಳಲ್ಲ. ಎಷ್ಟು ಸಲೀಸಾಗಿ ಅಂದರು.

ತಂಗಿ ಎರಡು ಸಲ ಅಳುತ್ತಾ ಬಂದು ಬಾಗಿಲು ತಟ್ಟಿದಳು. ಇವರು ತೆಗೆಯಲಿಲ್ಲ. ಓಣಿಯ ಎಲ್ಲರೂ ನೋಡಿದರು. ಯಹ್ಯಾ ಹುಡುಕುತ್ತಿದ್ದಾನೆ, ದೊಡ್ಡಮ್ಮ ಬಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಹಾಕಿದರೆ ಸಾಕು ಅನ್ನುತ್ತಿದ್ದಾನೆ ಅಂತ ಅವಳು ಹೊರಗಿನಿಂದಲೇ ಕೂಗಿ ಹೇಳಿ ಹೋದಳು. ನಾನು ನಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಡಿಸೆಂಬರ್ 14, ಶುಕ್ರವಾರ

ಹೇಳಬೇಕು. ಹೇಳಿದರೆ ಇವತ್ತೇ ತಂಗಿಯ ಮನೆಗೆ ಹೋಗುತ್ತಾರೆ, ಮುತಹ್ಹರ್ ಹೊರಗೆ ಬರಬಹುದು. ಆದರೆ ವಜ್ದಿ ಅವರ ಮನೆಯಲ್ಲಿದ್ದಾನೆ. ತನ್ನ ಗಂಡನನ್ನು ಹಿಡಿಸಿಕೊಟ್ಟವಳ ತಮ್ಮನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನಾಗಿದ್ದರೆ? ನಾನಾಗಿದ್ದರೆ ಕುತ್ತಿಗೆ ಹಿಡಿದು ಬೀದಿಗೆ ತಳ್ಳುತ್ತಿದ್ದೆ. ಮುಸ್ಲಿಹ್‌ನನ್ನು ಕೂಗಿ ಕರೆಯುತ್ತಿದ್ದೆ.

ಅವರು ನನ್ನಂಥವರಲ್ಲ. ಅಲ್ಲ ಅಂತ ಹೇಗೆ ನಂಬಲಿ? ಯಾರನ್ನಾದರೂ ನಂಬುವುದು ಹೇಗೆ ಅಂತಲೇ ಮರೆತುಹೋಗಿದೆ. ನಿನ್ನೆ ನನ್ನ ಕಡೆ ಒಂದು ಥರ ನೋಡಿದರು. ಗೊತ್ತಾಗಿದೆಯೋ? ಹೂರಿಯ್ಯಾ ಬಾಯಿ ಬಿಟ್ಟಳೋ?

ಒಳಗಿದ್ದು ಬಿಡುಗಡೆಯಾದ ಒಬ್ಬ ಖಾಲಾಗೆ ಸುದ್ದಿ ತಂದಿದ್ದಾನೆ. ಮುತಹ್ಹರ್ ಬದುಕಿದ್ದಾರೆ. ಕಾಲು ಊದಿದೆ. ಭಾನುವಾರ ಅಲ್ಲಿಂದ ಬೇರೆ ಕಡೆಗೆ ಸಾಗಿಸುತ್ತಾರಂತೆ. ಎಲ್ಲಿಗೆ ಅಂತ ಗೊತ್ತಿಲ್ಲ. ಅಲ್ಲಿಗೆ ಹೋದವರನ್ನು ಯಾವ ಯಹ್ಯಾನೂ ಹುಡುಕಲಾರ.

ಡಿಸೆಂಬರ್ 15, ಶನಿವಾರ. ಮಧ್ಯಾಹ್ನ 2:10

ತಖಿಯ್ಯಾ ಖಾಲಾ ಎದುರಿಗೇ ಕೂತಿದ್ದಾರೆ. ಅರ್ಜಿ ಬರೆಸಲು ಬಂದಿದ್ದಾರೆ. ದೊಡ್ಡ ಕಚೇರಿಗೆ, ಇವತ್ತೇ ಮುಟ್ಟಿಸಬೇಕಂತೆ. ಏನು ಬರೆಯಬೇಕು ಅಂತ ಒಂದೊಂದೇ ಹೇಳುತ್ತಿದ್ದಾರೆ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಬರೆಯುತ್ತಿರುವುದು ಇದನ್ನು, ಇದೇ ನೋಟ್‌ಬುಕ್ಕಿನಲ್ಲಿ. ಅವರಿಗೆ ಪೆನ್ನು ಓಡುವುದು ಕಂಡರೆ ಸಾಕು.

"ಬರಿ. ನನ್ನ ಗಂಡ ಅರವತ್ತೆಂಟು ವರ್ಷದೋರು. ಕಿಟಕಿ ಮಾಡೋರು. ಯಾವ ಕಡೆಗೂ ಸೇರಿದೋರಲ್ಲ."

ಬರೆದೆ.

"ಬರಿ. ದೂರು ಕೊಟ್ಟಿದ್ದು ನನ್ನ ತಂಗಿ ಮಗ ಯಹ್ಯಾ. ಹಳೇ ದ್ವೇಷಕ್ಕೆ ಸುಳ್ಳು ಹೇಳಿದಾನೆ."

ಇದನ್ನು ಅರ್ಜಿಯಲ್ಲಿ ಬರೆದುಕೊಟ್ಟರೆ ಕಾಗದ ಸಂಜೆಯೊಳಗೆ ಮೇಲ್ವಿಚಾರಕನ ಮೂಲಕ ಯಹ್ಯಾನ ಕೈಗೇ ಹೋಗುತ್ತದೆ. ಆಮೇಲೆ ಮುತಹ್ಹರ್‌ಗೆ ಈ ಊರಲ್ಲಿ ಯಾರೂ ಇಲ್ಲ. ಬರೆಯದಿದ್ದರೆ ಯಾಕೆ ಬರೆಯಲಿಲ್ಲ ಅಂತ ಹೇಳಬೇಕು. ಗೋಡೆಯ ಆಚೆ ವಜ್ದಿ ಕೆಮ್ಮುತ್ತಿದ್ದಾನೆ. ನಿಜ, ಎಲ್ಲಾ ಕೇಳುತ್ತದೆ.

ಪೆನ್ನು ನಿಂತಿದ್ದು ನೋಡಿ "ಯಾಕೇ, ಹೆಸರು ಬರೆದ್ಯಾ?" ಅಂದರು. ಬರೆದೆ ಅಂದೆ. ಬರೆದದ್ದು ಹೀಗೆ:

ದೂರು ಕೊಟ್ಟವಳು ನಬೀಹಾ ಅಬ್ದುಲ್ ಬಾರಿ. ನವೆಂಬರ್ 26, ಹೂರಿಯ್ಯಾಳ ಮನೆಯಲ್ಲಿ. ಯಹ್ಯಾ ಅಲ್ಲ. ತಂಗಿಯೂ ಅಲ್ಲ.

ಖಾಲಾ ಹತ್ತಿರ ಸರಿದು ಕೂತರು. ನೋಟ್‌ಬುಕ್ಕಿನ ಕಡೆ ನೋಡುತ್ತಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಾರೆ. ಗೊತ್ತಿದೆಯೋ ಏನೋ. ಗೊತ್ತಿದ್ದೇ ಬರೆಸಲು ಬಂದರೋ ಏನೋ. ಕೈ ನನ್ನ ಮಂಡಿಯ ಮೇಲಿಟ್ಟಿದ್ದಾರೆ.

"ಓದಿ ಹೇಳು" ಅನ್ನುತ್ತಿದ್ದಾರೆ.

ಪುಟ ತಿರುಗಿಸಿ ಬೇರೆ ಏನಾದರೂ ಬಾಯಿಗೆ ಬಂದದ್ದು ಓದಬಹುದು. ಇವರಿಗೆ ತಿಳಿಯುವುದಿಲ್ಲ. ಇಷ್ಟು ವರ್ಷ ನಾನು ಓದಿದ್ದನ್ನೆಲ್ಲ ನಂಬಿದವರು. "ಮೊದಲಿಂದ ಓದು, ಮಗಳೇ" ಅನ್ನುತ್ತಿದ್ದಾರೆ. ಪುಟ ತಿರುಗಿಸುವುದಿಲ್ಲ. ಬರೆದದ್ದನ್ನೇ ಓದುತ್ತೇನೆ ಖಾಲಾ, ಓ—